ಕುದಿಸಿ ನೋಡಿದ ಕಹಿ

ಬೀದರದಾಗ ನಾವು ಕೆಲಸ ಮಾಡ್ತಿದ್ದ ಕಟ್ಟಡಕ್ಕ ಊರ ಮಂದಿ ‘ದಾರೂ ಸಾಲಿ’ ಅಂತಿದ್ರು. ಬಾಗಲ ಮ್ಯಾಲ ಉರ್ದೂದಾಗ ಉದ್ದನ ಹೆಸರು ಬರೆದಿತ್ತು, ಅದನ್ನ ಪೂರಾ ಓದೋ ತ್ರಾಸು ಯಾರೂ ತಗೋತಿರಲಿಲ್ಲ. ಸ್ಟೇಶನ್ನಿನಿಂದ ಬರುವಾಗ ಟಾಂಗಾದವ “ಎಲ್ಲಿಗ್ರೀ, ದಾರೂ ಸಾಲಿಗೇನ್ರಿ?” ಅಂತ ಹತ್ತು ಮಂದಿಗಿ ಕೇಳೋಹಂಗ ಒದರ್ತಿದ್ದ. ನನಗ ಮೈಯೆಲ್ಲಾ ಉರೀತಿತ್ತು. ಹಣಿ ತುಂಬ ಈಬತ್ತಿ, ಕೊರಳಾಗ ಲಿಂಗ, ಭಾಲ್ಕ್ಯಾಗ ಲಿಂಗವಂತರ ಓಣ್ಯಾಗ ಬೆಳೆದ ಹುಡುಗ ನಾನು. ದಾರೂ ಅನ್ನೋ ಶಬ್ದ ಸೈತ ಊಟದ ಹೊತ್ತಿನ್ಯಾಗ ಆಡಬಾರದು ಅನ್ನೋ ಮನಿ ನಮ್ಮದು. ಅಂಥವನಿಗಿ ಸರಕಾರ ಕೊಟ್ಟ ನೌಕರಿ ಏನಪಾ ಅಂದ್ರ, ಬೀರಿನ ಕಹಿ ಅಳೆಯೋದು! ನಗಬೇಕೋ ಅಳಬೇಕೋ ಹೇಳ್ರಿ.

ಅವ್ವನಿಗಿ ನಾ ‘ಔಷಧದ ಕಚೇರಿ’ ಅಂತ ಹೇಳಿದ್ದೆ. ಅದು ಪೂರಾ ಸುಳ್ಳೂ ಅಲ್ಲ. ನಮ್ಮ ಮೇಜಿನ ಮ್ಯಾಲ ಇರ್ತಿದ್ದದ್ದು ಹೂವು. ಹಾಪ್ಸ್ ಅಂತಾರ, ವಿಲಾಯತಿಯ ತಂಪು ಸೀಮ್ಯಾಗ ಬೆಳೆಯೋ ಒಂದು ಬಳ್ಳಿಯ ಹೂವು. ಜವಿಗೋಧಿಯ ಸಿಹಿ ನೀರಿಗಿ ಇದನ್ನ ಹಾಕಿ ಕುದಿಸಿ, ಹುದುಗು ಬರಿಸಿದ್ರ ಬೀರು. ಒಣಗಿದ ಹೂವು ಪದರ ಪದರ, ಹಸರು, ಕೈಯಾಗ ಹಿಡಿದ್ರ ತೂಕನೇ ಇಲ್ಲ. ಪದರ ಬಿಡಿಸಿದ್ರ ಬುಡದಾಗ ಹಳದಿ ಪುಡಿ, ಬೆರಳಿಗಿ ಮೇಣದಂಗ ಅಂಟ್ತದ. ಎಲ್ಲಾ ಕರಾಮತ್ತು ಆ ಪುಡ್ಯಾಗೇ ಅದ. ಕಹಿ ಕೊಡೋದೂ ಅದೇ, ವಾಸನಿ ಕೊಡೋದೂ ಅದೇ, ಬೀರು ಹುಳಿ ಬರದಂಗ ಕಾಯೋದೂ ಅದೇ. ನಿಜಾಮರ ರಾಜಧಾನಿ ಪಟ್ಟಣದ ಬೀರ್ ಕಾರ್ಖಾನಿಯವರು ಹೂವಿನ ಮಾದರಿ, ಬೀರಿನ ಮಾದರಿ ರೈಲಿಗಿ ಹಾಕಿ ಕಳಿಸ್ತಿದ್ರು. ಕಹಿ ಎಷ್ಟು ಅದ, ಹೆಚ್ಚೋ ಕಮ್ಮಿಯೋ ಅಂತ ನೋಡಿ ನಾವು ಬರೆದು ಕಳಿಸಬೇಕು. ಪಟ್ಟಣ ಬಿಟ್ಟು ಈ ಕೆಲಸ ಬೀದರಕ್ಕ ಯಾಕ ಬಂತು ಅಂದ್ರ, ನಮ್ಮ ಕಟ್ಟಡದ ಕೆಳಗ ಸುರಂಗ ಬಾವಿಯ ನೀರು ಹರೀತಿತ್ತು, ನೆಲಮಾಳಿಗಿ ಬ್ಯಾಸಗ್ಯಾಗೂ ತಂಪಿರ್ತಿತ್ತು, ಮಾದರಿ ಕೆಡ್ತಿರಲಿಲ್ಲ.

‘ನಾವು’ ಅಂದ್ರ ಇಬ್ಬರೇ. ನಾ ಸಣ್ಣ ಕೆಮಿಸ್ಟ, ಅವರು ದೊಡ್ಡ ಕೆಮಿಸ್ಟ. ನಾ ಅವರಿಗ ಭಾಯಿಸಾಬ್ ಅಂತಿದ್ದೆ, ಅವರು ನನಗ ತಮ್ಮಾ ಅಂತಿದ್ರು. ಬೀದರದ ಹಳೇ ಊರಾಗ ಅವರಪ್ಪ, ಅಜ್ಜ, ಮುತ್ತಜ್ಜ ಎಲ್ಲಾ ಬಾಳಿದ ಮನಿ. ಐದೂ ಹೊತ್ತಿನ ನಮಾಜು ತಪ್ಪಿಸಿದವರಲ್ಲ. ಇಬ್ಬರೂ ರಸಾಯನಶಾಸ್ತ್ರ ಕಲ್ತದ್ದು ಉರ್ದೂದಾಗೇ, ಆದ್ರ ಕೆಲಸ ಮಾಡುವಾಗ ಆಡೋ ಮಾತು ಕನ್ನಡ. “ಕಹಿ ಅನ್ನೋ ಮಾತು ಕನ್ನಡದಾಗೇ ಬರಾಬರ ಕಹಿ ಕೇಳಿಸ್ತದ ನೋಡು” ಅಂತಿದ್ರು ಅವರು. ಗಡಸು ಮನಶಾ. ಗಾಜಿನ ನಳಿಗಿ ಒಡೆದ್ರ ಒಂದು ವಾರ ಮಾರಿ ನೋಡ್ತಿರಲಿಲ್ಲ. ಮಧ್ಯಾಹ್ನ ಮಾತ್ರ ಅವರ ಹೆಂಡತಿ, ನಮ್ಮ ಭಾಬಿ, ಕಟ್ಟಿಕೊಟ್ಟ ಡಬ್ಬಿಯೊಳಗಿನ ರೊಟ್ಟಿಗಿ ನನ್ನ ಶೇಂಗಾ ಹಿಂಡಿ ಬೇಕೇ ಬೇಕು.

ಮೊದಲು ಕಹಿ ಅಳಿಲಿಕ್ಕ ಬಾಯಿ ಬೇಕಿರಲಿಲ್ಲ. ಸೀಸದ ಒಂದು ಉಪ್ಪು ಬರ್ತಿತ್ತು, ಅದನ್ನ ಹಾಕಿದ್ರ ಕಹಿಯ ವಸ್ತು ತಳಕ್ಕ ಕೂಡ್ತಿತ್ತು, ಸೋಸಿ ಒಣಗಿಸಿ ತೂಗಿದ್ರ ಮುಗೀತು. ಆಮ್ಯಾಲ ದಿನಮಾನ ಕೆಟ್ಟವು. ಹಿಂದೂಸ್ತಾನದಾಗ ಕೂಡಂಗಿಲ್ಲ ಅಂತ ನಿಜಾಮರು ಹಟ ಹಿಡಿದ್ರು. ನಿಜಾಮರ ರಾಜ್ಯಕ್ಕ ಹೊರಗಿನಿಂದ ಸಾಮಾನು ಬರೋದು ಬಂದಾತು. ಸೀಸದ ಉಪ್ಪು ತೀರಿತು, ಹೊಸಾ ಹಾಪ್ಸ್ ಬರಲಿಲ್ಲ, ಸೀಮೆಎಣ್ಣಿ ಸೈತ ಸಿಗದಂಗಾತು. ಇನ್ನು ಉಳಿದಿದ್ದು ನಾಲಿಗಿ. ನಮಗಿಂತ ಮೊದಲು ಇದ್ದ ಗೋರಾ ಸಾಹೇಬ ನಾಲಿಗಿಯಿಂದಲೇ ನೋಡ್ತಿದ್ದನಂತ. ಗ್ಲಾಸ್ ತುಂಬ ರುಚಿ ನೋಡಿ ಖುರ್ಚ್ಯಾಗೇ ಗೊರಕಿ ಹೊಡೀತಿದ್ದನಂತ.

ಬೀರಿನ ಮಾದರಿ ನಡುವ ಇಟ್ಟುಕೊಂಡು ನಾವಿಬ್ಬರೂ ಕೂತೆವು.

“ಭಾಯಿಸಾಬ್, ಇದನ್ನ ಬಾಯಾಗ ಹಾಕ್ಕೋಬೇಕೇನ್ರಿ?”

“ನಾ ಅಂತೂ ಹಾಕ್ಕೊಳ್ಳಂಗಿಲ್ಲ. ನೀ ಹಾಕ್ಕೋತೀಯೇನು?”

“ಛೀ ಛೀ! ಇಲ್ರಿ.”

“ಮತ್ತ ಯಾರು ನೋಡಬೇಕೋ ಮಾರಾಯಾ? ನಮ್ಮಜ್ಜ ಗೋರಿಯಿಂದ ಎದ್ದು ಬರ್ತಾನೇನು?”

ಉಪಾಯ ಹುಡುಕಿದ್ದು ಅವರೇ. ಬೀರು ಕುದಿಸಿದ್ರ ನಶಾ ಎಲ್ಲಾ ಹಬಿ ಆಗಿ ಹಾರಿ ಹೋಗ್ತದ. ಕಹಿ ಹಾರೋ ವಸ್ತು ಅಲ್ಲ, ಉಳೀತದ. ಕುದಿಸಿ ಇಂಗಿದಷ್ಟು ನೀರು ಹಾಕಿ, ಮೊದಲಿನ ಗೆರಿಗಿ ಬರಾಬರ ತಂದು, ಆರಿಸಿ ನಾಲಿಗಿಗಿ ಹಚ್ಚಿದ್ರ ಅವರ ದೀನಕ್ಕೂ ಧಕ್ಕಿ ಇಲ್ಲ, ನನ್ನ ಧರ್ಮಕ್ಕೂ ಧಕ್ಕಿ ಇಲ್ಲ. ಹೋಲಿಸಿ ನೋಡ್ಲಿಕ್ಕ ಬಾಜೂಕ ಕ್ವಿನೈನ್ ಬೆರೆಸಿದ ನೀರಿನ ಬಟ್ಟಲು. ಒಂದು ಹನಿನೂ ನಶಾ ಉಳೀಬಾರದು ಅಂತ ನಾವು ಭಾಳ ಹೊತ್ತು ಕುದಿಸ್ತಿದ್ದೆವು. ವಾಸನಿ ಇನ್ನೂ ಬರ್ತದಲ್ರಿ ಅಂತ ನಾ ಅಂದ್ರ ಅವರು “ಇನ್ನಷ್ಟು ಕುದೀಲಿ” ಅಂತಿದ್ರು, ಅವರು ಸಂಶಾ ಪಟ್ರ ನಾ ಮತ್ತ ಕೆಂಡ ಹಾಕ್ತಿದ್ದೆ. ನಮ್ಮ ಶಹಾಣತನಕ್ಕ ನಾವೇ ಖುಷಿ ಆಗಿದ್ದೆವು. ದುನಿಯಾದಾಗ ಯಾರಿಗೂ ಹೊಳೆಯದ್ದು ನಮಗ ಹೊಳೆದದ ಅನ್ನೋ ಹೆಮ್ಮಿ.

ನೋಡಿದ್ರ ಬೀರು ಜಹರಿನಂಗ ಕಹಿ. ಇದೇನು ಕಾರ್ಖಾನಿಯವರಿಗಿ ತಲಿ ಕೆಟ್ಟದೇನು, ಹಾಪ್ಸ್ ಇಲ್ಲ ಇಲ್ಲ ಅಂತ ಬಾಯಿ ಬಡ್ಕೊಂಡು ಇಷ್ಟು ಸುರೀತಾರಲ್ಲ ಅಂತ ಭಾಯಿಸಾಬ್ ಸಿಟ್ಟಿಗೆದ್ರು. ‘ಕಹಿ ಅಳತಿ ಮೀರಿದೆ, ಹಾಪ್ಸ್ ಕಮ್ಮಿ ಮಾಡಬಹುದು’ ಅಂತ ಬರೆದು ಸಹಿ ಹಾಕಿದ್ರು. ಕಾರ್ಖಾನಿಯವರಿಗಿ ಬೇಕಾದದ್ದೂ ಅದೇ. ಇದ್ದ ಹಳೇ ಸಾಮಾನು ಇನ್ನಷ್ಟು ದಿನ ಬರ್ತದಲ್ಲ ಅಂತ ಅರ್ಧಕ್ಕರ್ಧ ಕಮ್ಮಿ ಮಾಡಿಬಿಟ್ರು.

ಅದೇ ಬ್ಯಾಸಗ್ಯಾಗ ನಮ್ಮ ಕಡೆ ಹಳ್ಳಿಗೋಳು ಉರೀಲಿಕ್ಕ ಹತ್ತಿದ್ವು. ನಿಜಾಮರ ಪರ ಎದ್ದ ರಜಾಕಾರರು ಖಟಕ ಚಿಂಚೋಳ್ಯಾಗ ನಮ್ಮ ಸೋದರಮಾವನ ಬಣಿವಿಗಿ ಬೆಂಕಿ ಹಚ್ಚಿದ್ರು, ಅವನಿಗಿ ಹೊಡೆದು ಕೈ ಮುರಿದ್ರು. ನಾ ಆ ಸುದ್ದಿ ಕೇಳಿದ ಮರುದಿನ ಕಚೇರಿಗಿ ಹೋಗಿ ಭಾಯಿಸಾಬರ ಜೋಡಿ ಮಾತಾಡಲಿಲ್ಲ. ಅವರಿಗ ಯಾರು ಹೇಳಿದ್ರೋ ಏನೋ. ಮಧ್ಯಾಹ್ನ ಡಬ್ಬಿ ಬಿಚ್ಚಿ ರೊಟ್ಟಿ ನನ್ನ ಮುಂದ ಸರಿಸಿ, “ನನ್ನ ಮಾರಿ ನೋಡಬ್ಯಾಡ, ಆದ್ರ ಉಣ್ಣು” ಅಂದ್ರು. ನಾ ಉಂಡೆ. ಅವತ್ತು ಉಣ್ಣದಿದ್ರ ನಾವಿಬ್ಬರೂ ಅಲ್ಲಿಗೇ ಮುಗೀತಿದ್ದೆವು.

ಸಪ್ಟೆಂಬರದಾಗ ಪೊಲೀಸ್ ಆಕ್ಷನ್ ಆತು. ವಿಮಾನ ಬಂದ್ವು, ಫೌಜು ಬಂತು, ನಿಜಾಮರ ಬಾವುಟ ಇಳೀತು. ನಮ್ಮ ಓಣ್ಯಾಗ ಪೇಢೆ ಹಂಚಿದ್ರು, ನಾನೂ ತಿಂದೆ, ಖುಷಿ ಆಗಿತ್ತು, ಯಾಕ ಸುಳ್ಳು ಹೇಳ್ಲಿ. ಆದ್ರ ಆ ಪೇಢೆಯ ಸಿಹಿ ಬಾಯಾಗ ಇರುವಾಗೇ ಉಲ್ಟಾ ಸುದ್ದಿ ಬರ್ಲಿಕ್ಕ ಹತ್ತಿದ್ವು. ಈಗ ಉರೀತಿದ್ದ ಮನಿ ಬ್ಯಾರೆಯವರದು, ಸಾಬರದು. ಭಾಯಿಸಾಬರ ತಮ್ಮ ಔರಾದದಾಗ ಸಾಲಿ ಮಾಸ್ತರ ಆಗಿದ್ದ. ಅವನ ಸುದ್ದಿನೇ ಇಲ್ಲ.

ರಸ್ತೆ ಒಂದಿಷ್ಟು ಶಾಂತ ಆದ ಮ್ಯಾಲ ನಾವಿಬ್ಬರೂ ಹೋದೆವು. ಗುರುತು ಸಿಗಬಾರದಂತ ಅವರು ನನ್ನ ಧೋತ್ರ ಉಟ್ಟಿದ್ರು, ತಲಿಗಿ ರುಮಾಲು ಸುತ್ತಿದ್ರು. ಅದನ್ನ ಸುತ್ತಿಕೊಟ್ಟದ್ದೂ ನಾನೇ. ಸುತ್ತುವಾಗ ಅವರ ತಲಿ ಒಂದೀಟೂ ಅಲುಗಾಡಲಿಲ್ಲ. ಸಂತಪುರದ ತನಕ ಗಾಡಿ ಸಿಕ್ಕಿತು, ಮುಂದ ಔರಾದಕ್ಕ ನಡಕೊಂಡು. ಜ್ವಾಳ ಎದಿಮಟ ನಿಂತಿತ್ತು, ದಾರ್ಯಾಗ ಕುರಿ ಕಾಯೋರು ನಿಂತು ನಮ್ಮನ್ನ ನೋಡ್ತಿದ್ರು. ಭಾಯಿಸಾಬ್ ಊರ ಹೊರಗ ಒಂದು ಬೇವಿನ ಗಿಡದ ಕೆಳಗ ಕೂತ್ರು, ನಾ ಒಳಗ ಹೋಗಿ ಕೇಳಿದೆ. ಮಾಸ್ತರ ಮನಿಗಿ ಕೀಲಿ ಹಾಕಿತ್ತು. ಬಾಜೂ ಮನಿಯ ಮುದುಕಿ ನನ್ನ ಹಣಿ ನೋಡಿ, ಆಮ್ಯಾಲ ಹೊಲದ ಕಡೆ ಮಾರಿ ಮಾಡಿ, “ಹುಡುಕಬ್ಯಾಡ್ರಿ ಅಪ್ಪಾ, ಮನಿಗಿ ಹೋಗ್ರಿ” ಅಂದಳು. ನಾ ತಿರುಗಿ ಬಂದು ಬೇವಿನ ಗಿಡದ ಹತ್ತರ ನಿಂತೆ. ಅವರೇ ಎದ್ದು “ನಡಿ” ಅಂದ್ರು. ಸಂತಪುರದ ತನಕ ಅವರು ಮುಂದ, ನಾ ಹಿಂದ. ನನ್ನ ಮುಂದ ಅವರ ಬೆನ್ನು ಒಂದೇ ಕಾಣ್ತಿತ್ತು. ನನಗ ಅವತ್ತು ಎಷ್ಟು ಒಂಟಿ ಅನಿಸ್ತು ಅಂದ್ರ, ಅವರಿಗ ಎಷ್ಟು ಅನಿಸಿರಬೇಕು ಅಂತ ವಿಚಾರ ಮಾಡ್ಲಿಕ್ಕ ಸೈತ ಹೆದರಿಕಿ ಆತು.

ಭಾಬಿಯ ಅಣ್ಣ ಆಗಲೇ ಕರಾಚಿಗಿ ಹೋಗಿದ್ದ. ನೀವೂ ಬರ್ರಿ ಅಂತ ಹೇಳಿ ಕಳಿಸ್ತಿದ್ದ. ಭಾಬಿ ದಿನಾ ಅಳ್ತಿದ್ರು, ಹೋಗಮು ಅಂತಿದ್ರು. ಭಾಯಿಸಾಬ್ ಒಂದೇ ಮಾತು: “ನನ್ನ ಖುರ್ಚಿ ಇರೋತನಕ ನಾ ಬೀದರ ಬಿಡಂಗಿಲ್ಲ. ಖುರ್ಚಿ ಹೋತಂದ್ರ ಇಲ್ಲಿ ಏನು ಮಾಡ್ಲಿ? ಕಹಿ ಅಳೆಯೋದು ಬಿಟ್ಟು ನನಗೇನು ಬರ್ತದ?” ನಾ ಆ ಮಾತು ಗಟ್ಟ್ಯಾಗಿ ಹಿಡಕೊಂಡೆ. ಖುರ್ಚಿ ಉಳೀಬೇಕು. ಖುರ್ಚಿ ಉಳಿದ್ರ ಅವರು ಉಳೀತಾರ, ಅವರು ಉಳಿದ್ರ ನನಗ ಬೀದರದಾಗ ಒಬ್ಬ ಮನಶಾ ಇರ್ತಾನ. ಅವರ ಬಿಟ್ರ ನನಗ ಆ ಊರಾಗ ಯಾರಿದ್ರು? ಭಾಡಗಿ ಖೋಲಿ, ಒಂದು ಚಾಪಿ, ಒಂದು ಕೊಡ.

ಅಷ್ಟ್ರಾಗ ಬೀರು ಹುಳಿ ಬಂತು.

ಪಟ್ಟಣಕ್ಕ ಬಂದ ಫೌಜಿನ ಅಫ್ಸರರಿಗಿ ಕಾರ್ಖಾನಿಯವರು ಪೀಪಾಯಿ ತೆರೆದು ಕೊಟ್ರು. ಒಂದೊಂದೂ ಹುಳಿ ಮಜ್ಜಿಗಿ ಆಗಿತ್ತು. ಹಾಪ್ಸ್ ಅರ್ಧ ಆದ್ರ ಬೀರು ಕಾಯೋರು ಯಾರು? ಕಾರ್ಖಾನಿಯವರು ಕೈ ಝಾಡಿಸಿಬಿಟ್ರು: ನಮ್ಮದೇನೂ ತಪ್ಪಿಲ್ಲ, ಬೀದರದ ದೊಡ್ಡ ಕೆಮಿಸ್ಟ ಕಮ್ಮಿ ಮಾಡ್ರಿ ಅಂತ ಸಹಿ ಮಾಡಿ ಕೊಟ್ಟಾರ. ಆ ದಿನದಾಗ ಒಬ್ಬ ಸಾಬರ ಮ್ಯಾಲ ಬೊಟ್ಟು ಮಾಡಿದ್ರ ಸಾಕಿತ್ತು. ಫೌಜಿನವರಿಗಿ ಬೇಕಂತಲೇ ಕೆಟ್ಟ ಮಾಲು ಹೋಗೋಹಂಗ ಮಾಡ್ಯಾನ, ರಜಾಕಾರರ ಮನಶಾ ಅಂತ ಎದ್ದಿತು ಪುಕಾರು. ಸಪ್ಟೆಂಬರದಾಗ ಫೌಜು ಬರ್ತದಂತ ಅವರಿಗ ಬ್ಯಾಸಗ್ಯಾಗೇ ಗೊತ್ತಿತ್ತೇನು? ಅದನ್ನ ಯಾರೂ ಕೇಳಲಿಲ್ಲ. ಅವರನ್ನ ಕೆಲಸದಿಂದ ನಿಂದರಿಸಿ ಮನ್ಯಾಗ ಕೂಡಿಸಿದ್ರು. ಹೊಸಾ ಅಧಿಕಾರಿ ಬಂದು ಚೌಕಶಿ ಮಾಡ್ತಾರ, ಮೋಸ ಅಂತ ಕಂಡ್ರ ಜೈಲು ಅಂದ್ರು.

ನಾ ಮನಿಗಿ ಹೋದ್ರ ಭಾಯಿಸಾಬ್ ಚಾಪಿ ಮ್ಯಾಲ ಕೂತು ಒಂದೇ ಮಾತು ತಿರುತಿರುವಿ ಅಂತಿದ್ರು. “ಕಹಿ ಇತ್ತು ತಮ್ಮಾ. ನೀನೂ ನೋಡೀದಿ. ಇತ್ತೋ ಇಲ್ಲೋ?”

“ಇತ್ತ್ರಿ.”

“ಮತ್ತ ಎಲ್ಲಿಗಿ ಹೋತು?”

ಅದನ್ನ ನೋಡ್ಲಿಕ್ಕಂತನೇ ನಾ ರೈಲು ಹತ್ತಿ ಪಟ್ಟಣಕ್ಕ ಹೋದೆ. ಅಷ್ಟು ವರ್ಷ ಬೀರಿನ ಕೆಲಸ ಮಾಡಿದ್ದೆವು, ಇಬ್ಬರ್ಯಾಗ ಒಬ್ಬರೂ ಒಂದು ದಿನ ಕಾರ್ಖಾನಿಯೊಳಗ ಕಾಲಿಟ್ಟಿರಲಿಲ್ಲ. ದಾರೂ ಮಾಡೋ ಜಾಗಕ್ಕ ಯಾಕ ಹೋಗಬೇಕು, ಮಾದರಿ ಇಲ್ಲಿಗೇ ಬರ್ತದಲ್ಲ ಅನ್ನೋ ಮಡಿವಂತಿಕಿ. ಮೂಗಿಗಿ ವಸ್ತ್ರ ಕಟ್ಟಿಕೊಂಡು ಒಳಗ ಹೋದೆ, ಕೆಲಸದ ಮಂದಿ ನಕ್ರು. ಹಾಪ್ಸ್ ಹಾಕಿ ಕುದಿಸೋ ದೊಡ್ಡ ಹಂಡೆ ನೋಡಿದೆ, ಅದು ನಮಗ ಗೊತ್ತಿದ್ದದ್ದೇ. ಮುಂದ ಪೀಪಾಯಿ ತುಂಬೋ ಕಡೆ ಬಂದೆ. ಅಲ್ಲಿ ಒಬ್ಬ ಅರಿವಿ ಚೀಲದಾಗ ಹಸೀ ಹಾಪ್ಸ್, ಅಂದ್ರ ಕುದಿಸದ ಹಾಪ್ಸ್, ತುಂಬಿ ಪೀಪಾಯಿಯೊಳಗ ಇಳಿಬಿಡ್ತಿದ್ದ. ವಾಸನಿ ಬರ್ಲಿ ಅಂತ ಯಾವಾಗಲೂ ಹಂಗೇ ಮಾಡ್ತಾರಂತ. ನನಗ ಗೊತ್ತೇ ಇರಲಿಲ್ಲ. ಹಂಗಾದ್ರ ಆ ಹಾಪ್ಸ್ ಮೊದಲನೇ ಸಲ ಕುದ್ದದ್ದು ನಮ್ಮ ಮೇಜಿನ ಮ್ಯಾಲೇ!

ನಾ ತಿರುಗಿ ಬಂದ ಕೂಡಲೇ ಭಾಯಿಸಾಬರ ಅಡಗಿಮನ್ಯಾಗೇ ಎರಡು ಪಾತ್ರಿ ಇಟ್ಟೆವು. ಒಂದರಾಗ ತಣ್ಣೀರಾಗ ನೆನೆಸಿದ ಹಾಪ್ಸ್, ಇನ್ನೊಂದರಾಗ ಅಷ್ಟೇ ಹಾಪ್ಸ್, ಅಷ್ಟೇ ನೀರು, ನಾವು ಬೀರು ಕುದಿಸ್ತಿದ್ದಷ್ಟೇ ಹೊತ್ತು ಕುದಿಸಿ. ತಣ್ಣೀರಿನದು ನಾಲಿಗಿಗಿ ಅಷ್ಟಕ್ಕಷ್ಟೇ. ಕುದಿಸಿದ್ದು ಮುಟ್ಟಿಸಿದ್ರ ಕಣ್ಣಾಗ ನೀರು. ಹಸೀ ಹೂವಿನೊಳಗಿನ ವಸ್ತು ಕುದಿಯೋತನಕ ಕಹಿ ಬಿಡೋದಿಲ್ಲ. ಕುದ್ದಾಗ ಅದು ಬ್ಯಾರೆನೇ ವಸ್ತು ಆಗ್ತದ. ಅದರ ರಚನಿ ಹ್ಯಾಂಗ ತಿರುಗ್ತದ ಅಂತ ಮುಂದ ದೊಡ್ಡ ದೊಡ್ಡ ಪುಸ್ತಕದಾಗ ಓದಿದೆ. ಅವತ್ತು ನಮಗ ತಿಳಿದದ್ದು ಇಷ್ಟೇ: ಆ ಹೆಚ್ಚಿನ ಕಹಿ ಬೀರಿನ್ಯಾಗ ಇರಲಿಲ್ಲ. ನಶಾ ಹಾರಿಸ್ತೇವಂತ ಕುದಿಸಿ ಕುದಿಸಿ ನಾವೇ ಅದನ್ನ ಹುಟ್ಟಿಸಿದ್ದೆವು. ದೇವರಿಗಿ ಅಂಜಿ ಮಾಡಿದ ಕೆಲಸ ನಮ್ಮ ಕೊರಳಿಗೇ ಬಂದಿತ್ತು.

ಭಾಯಿಸಾಬ್ ಎರಡೂ ಪಾತ್ರಿ ಬಾಜೂಕ ಸರಿಸಿದ್ರು. ಆಮ್ಯಾಲ ನಗ್ಲಿಕ್ಕ ಹತ್ತಿದ್ರು. ಔರಾದದಿಂದ ಬಂದ ಮ್ಯಾಲ ನಾ ಅವರ ನಗು ನೋಡಿದ್ದು ಅವತ್ತೇ. “ತಮ್ಮಾ, ನಮ್ಮಂಥಾ ಗಧಾಗಳು ದುನಿಯಾದಾಗ ಸಿಗಲಾರವು” ಅಂದ್ರು. ಭಾಬಿ ಬಾಗಲದಾಗ ನಿಂತು ಹೆದರಿ ನೋಡ್ತಿದ್ರು.

ಚೌಕಶಿಗಿ ಬಂದ ಅಧಿಕಾರಿ ಧಾರವಾಡ ಕಡೆಯವರು. ಖಾದಿ ಅಂಗಿ, ಖಾದಿ ಟೊಪಿಗಿ, ನೆಟ್ಟಗ ಕೂಡೋ ಮನಶಾ. ನಮ್ಮ ಮಾತು ಪೂರಾ ಕೇಳಿಸಿಕೊಂಡ್ರು. ಎರಡೂ ನೀರು ನಾಲಿಗಿಗಿ ಹಚ್ಚಿ ನೋಡಿದ್ರು, ಮಾರಿ ಕಿವುಚಿದ್ರು. ಆಮ್ಯಾಲ ಅಂದ್ರು: “ಇದು ನೀರಿನ ಮಾತಾತು. ತಕರಾರು ಇರೋದು ಬೀರಿಂದು. ಬೀರಿನ್ಯಾಗ ತೋರಸ್ರಿ.”

ಅವರು ಅಂದದ್ದು ಬರಾಬರ ಇತ್ತು. ಕಾರ್ಖಾನಿಯಿಂದ ಮಾದರಿ ಬಂತು, ಮೊದಲಿನ ಅಳತಿಯಂಗ ಹಾಪ್ಸ್ ಹಾಕಿದ ಬೀರು. ಅರ್ಧ ಹಂಗೇ ಇಟ್ಟೆವು, ಅರ್ಧ ಕುದಿಸಿದೆವು. ಕುದಿಸಿದ್ದರಾಗ ಹಾರಿಹೋದಷ್ಟು ನಶಾ ಮತ್ತ ಬೆರೆಸಿದೆವು, ವಾಸನಿಯಿಂದ ಗುರುತು ಸಿಗಬಾರದಂತ. ಅಧಿಕಾರಿ ಎರಡನ್ನೂ ಹತ್ತಾರು ಬಟ್ಟಲದಾಗ ಹಾಕಿಸಿ ಮೇಜಿನ ಮ್ಯಾಲ ಇಟ್ಟ್ರು. ಯಾವುದು ಯಾವುದಂತ ಅಧಿಕಾರಿಗಷ್ಟೇ ಗೊತ್ತು.

“ನೋಡ್ರಿ” ಅಂದ್ರು ಭಾಯಿಸಾಬರಿಗ.

ಭಾಯಿಸಾಬ್ ಬಟ್ಟಲ ನೋಡಿದ್ರು. ಕೈ ಮುಂದ ಹೋಗಲಿಲ್ಲ. “ಸಾಹೇಬರಾ, ನಾ ಇದನ್ನ ಬಾಯಿಗಿ ಹಚ್ಚಂಗಿಲ್ರಿ. ಜೈಲಿಗಿ ಹಾಕ್ರಿ ಬೇಕಾದ್ರ. ನನ್ನ ತಮ್ಮ ಹೋದ, ನೌಕರಿ ಹೋತು, ಊರಾಗ ತಲಿ ಎತ್ತಿ ತಿರುಗೋದು ಹೋತು. ಇದೊಂದು ನನ್ನ ಹತ್ತರ ಉಳಿದದ. ಇದನ್ನೂ ಕೊಡಂಗಿಲ್ರಿ.”

“ಹಂಗಾದ್ರ ನೀವೇ ನೋಡ್ರಿ ಸಾಹೇಬರಾ” ಅಂದೆ ನಾ ಅಧಿಕಾರಿಗಿ. ಕಾರ್ಖಾನಿಯವರ ನಾಲಿಗಿ ನಂಬೋಹಂಗಿರಲಿಲ್ಲ, ಅವರೂ ತಕರಾರಿನ್ಯಾಗ ಇದ್ದವರೇ.

ಅವರು ಖುರ್ಚಿ ಹಿಂದ ಸರಿಸಿದ್ರು. “ನಾನಾ? ನಾ ವ್ರತಾ ತಗೊಂಡೇನ್ರಿ. ಸೆರೆ ಮುಟ್ಟೋದಿಲ್ಲ.”

ಮೂವರು ಗಂಡಸರು, ಮೇಜಿನ ತುಂಬ ಬೀರು, ಕುಡಿಯೋನು ಒಬ್ಬನೂ ಇಲ್ಲ! ಇನ್ನೊಂದು ದಿನ ಆಗಿದ್ರ ಭಾಯಿಸಾಬರೂ ನಾನೂ ಹೊಟ್ಟಿ ಹಿಡಕೊಂಡು ನಗ್ತಿದ್ದೆವು. ಅವತ್ತು ನನಗ ಕಂಡದ್ದು ಅವರ ಖುರ್ಚಿ ಒಂದೇ. ಖಾಲಿ ಆದ್ರ ನಾ ಯಾರ ಮುಂದ ರೊಟ್ಟಿ ಬಿಚ್ಚಲಿ? ಲಿಂಗವನ್ನ ಅಂಗಿ ಮ್ಯಾಲೇ ಮುಟ್ಟಿಕೊಂಡೆ. ಅವ್ವನ ಮಾರಿ ಕಣ್ಣ ಮುಂದ ಬಂತು. “ಕೊಡ್ರಿ” ಅಂದೆ.

“ತಮ್ಮಾ!” ಅಂದ್ರು ಭಾಯಿಸಾಬ್. ಅವರು ಅಷ್ಟು ಜೋರಾಗಿ ಒದರಿದ್ದು ನಾ ಎಂದೂ ಕೇಳಿರಲಿಲ್ಲ. “ಬ್ಯಾಡ. ನನ್ನ ಸಲುವಾಗಿ ನಿನ್ನ ಬಾಯಿ ಕೆಡಿಸಿಕೋಬ್ಯಾಡ.”

ನಾ ಅವರ ಕಡೆ ನೋಡಲೇ ಇಲ್ಲ. ನೋಡಿದ್ರ ಆಗ್ತಿರಲಿಲ್ಲ. ಕಹಿ ತಿಳಿಯೋದು ನಾಲಿಗಿಯ ಹಿಂದಿನ ಭಾಗದಾಗ ಅಂತ ನಾವು ಕಲ್ತಿದ್ದೆವು, ಉಗುಳಿದ್ರ ಅರ್ಧನೇ ತಿಳೀತದ. ಅದಕ್ಕ ನುಂಗಿದೆ. ಒಂದು ಬಟ್ಟಲ, ಬಾಯಿ ಮುಕ್ಕಳಿಸೋದು, ಮತ್ತೊಂದು ಬಟ್ಟಲ. ಕುದಿಸಿದ್ದು ಯಾವುದು, ಕುದಿಸದ್ದು ಯಾವುದು ಅಂತ ಒಂದೊಂದಕ್ಕೂ ಹೇಳಿದೆ. ಒಂದೂ ತಪ್ಪಲಿಲ್ಲ. ಮತ್ತ ಬಟ್ಟಲ ಅದಲು ಬದಲು ಮಾಡಿ ಇಟ್ಟ್ರು, ಮತ್ತ ಹೇಳಿದೆ. ಕಡೀಕ ಅಧಿಕಾರಿ “ಸಾಕ್ರಿ, ಸಾಕು” ಅಂದ್ರು. ನನ್ನ ಕಿವಿ ಬಿಸಿ ಆಗಿದ್ವು, ತಲಿ ತಿರುಗ್ತಿತ್ತು. ಹೊರಗ ಹೋಗಿ ಬಾವಿಕಟ್ಟಿ ಮ್ಯಾಲ ಕೂತೆ.

ಎರಡು ದಿನಕ್ಕ ಹುಕುಂ ಬಂತು. ಭಾಯಿಸಾಬರ ಮ್ಯಾಲಿನ ಮೋಸದ ಆರೋಪ ಖರೇ ಅಲ್ಲ ಅಂತ ಬರೆದಿದ್ರು. ನಾ ಕುಣಿಯೋದೊಂದು ಬಾಕಿ. ಆಮ್ಯಾಲ ಅಧಿಕಾರಿ ಮೆತ್ತಗ ಅಂದ್ರು: “ಆದ್ರ ಒಂದು ಮಾತು. ಬೀರು ನೋಡೋ ಖುರ್ಚ್ಯಾಗ ಬೀರು ಬಾಯಿಗಿ ಹಚ್ಚಲಾರದವರನ್ನ ಕೂಡಸ್ಲಿಕ್ಕ ಬರೋದಿಲ್ರಿ. ಇದೇ ಕಾರಣಕ್ಕ ಅಲ್ಲೇನು ಇಷ್ಟೆಲ್ಲಾ ಆದದ್ದು? ಅವರಿಗ ಪಿಂಚಣಿ ಸಿಗ್ತದ. ಆ ಜಾಗಾಕ್ಕ ನಿಮ್ಮನ್ನ ಹಾಕೇವಿ.”

“ನೀವೂ ಬಾಯಿಗಿ ಹಚ್ಚಂಗಿಲ್ಲಲ್ರಿ. ನಿಮ್ಮ ಖುರ್ಚಿ ಹ್ಯಾಂಗ ಉಳೀತ್ರಿ?” ಅಂದುಬಿಟ್ಟೆ.

ಅವರಿಗ ಸಿಟ್ಟು ಬರಲಿಲ್ಲ. “ನಾ ಕೆಮಿಸ್ಟ ಅಲ್ರಿ” ಅಂದ್ರು. ಕೆಟ್ಟ ಮನಶಾ ಅಲ್ಲ ಅವರು. ಕೆಟ್ಟವರಾಗಿದ್ರ ಬೈದು ಹಗುರ ಆಗ್ತಿದ್ದೆ. ಬಿಟ್ಟುಬಿಡಮು ಅಂತ ರಾಜೀನಾಮಿ ಬರೆದೆ, ಭಾಯಿಸಾಬ್ ಅದನ್ನ ಹರಿದು ಒಲಿಗಿ ಹಾಕಿದ್ರು. “ನೀನೂ ಬಿಟ್ರ ಯಾವನರ ಕುಡುಕ ಬಂದು ಕೂಡ್ತಾನ. ಇಷ್ಟು ವರ್ಷ ಮಾಡಿದ್ದೆಲ್ಲಾ ನೀರಾಗ ಹೋಗ್ತದ. ಕೂಡು” ಅಂದ್ರು.

ಭಾಲ್ಕಿಗಿ ಹೋಗಿ ಅವ್ವನಿಗಿ ಎಲ್ಲಾ ಹೇಳಿದೆ. ಔಷಧದ ಕಚೇರಿ ಅಲ್ಲ, ದಾರೂದು. ಕುಡಿದೇನಿ. ಇನ್ನು ಮುಂದ ದಿನಾ ನಾಲಿಗಿಗಿ ಹಚ್ಚೋದೇ ನನ್ನ ಕೆಲಸ. ಅವ್ವ ಒಲಿ ಮುಂದ ಕೂತು ರೊಟ್ಟಿ ಬಡೀತಿದ್ದಳು. ಬಡಿಯೋದು ನಿಂತಿತು, ಮತ್ತ ಸುರು ಆತು. “ಗೆಳ್ಯಾನ ಸಲುವಾಗಿ ಕುಡ್ದೀ ಅಂದ್ರ ಶಿವ ಒಪ್ಕೋತಾನ. ದಿನಾ ಕುಡೀತೀ ಅಂದ್ರ ಏನು ಮಾಡ್ಲೋ ಯಪ್ಪಾ?” ಅಂದಳು. ಬೈಲಿಲ್ಲ, ಅಳಲಿಲ್ಲ. ನನ್ನ ತಾಟು ಬ್ಯಾರೆ ಮಾಡಿದಳು. ಬಿಸಿ ರೊಟ್ಟಿ, ಬೆಣ್ಣಿ, ಶೇಂಗಾ ಹಿಂಡಿ ಎಲ್ಲಾ ಹಾಕ್ತಿದ್ದಳು, ಮೊದಲಿಗಿಂತ ಜಾಸ್ತಿನೇ ಹಾಕ್ತಿದ್ದಳು, ಆದ್ರ ಪಡಸಾಲ್ಯಾಗ. ಒಳಗ ತಾನೊಬ್ಬಳೇ ಉಣ್ತಿದ್ದಳು, ಹೊರಗ ನಾನೊಬ್ಬನೇ. ಅವಳು ಇರೋತನಕ ಹಂಗೇ ನಡೀತು.

ನೌಕರಿ ಹೋದ ಮ್ಯಾಲ ಭಾಬಿಗಿ ಇಲ್ಲ ಅನ್ಲಿಕ್ಕ ಭಾಯಿಸಾಬರ ಹತ್ತರ ಮಾತು ಉಳಿಯಲಿಲ್ಲ. ಮನಿ ಮಾರಿದ್ರು. ಕರಾಚಿಗಿ ಹೋಗೋ ದಿನ ಮುಂಜಾನಿ ನಾ ಹೋದಾಗ ಹಾಸಿಗಿ ಸುರುಳಿ, ಟ್ರಂಕು ಎಲ್ಲಾ ಅಂಗಳದಾಗ ಇದ್ವು. ಅವರು ಖಾಲಿ ಪಡಸಾಲ್ಯಾಗ ಗೋಡಿಗಿ ಆತುಕೊಂಡು ಕೂತಿದ್ರು. ನಾನೂ ಬಾಜೂಕ ಕೂತೆ. ಬ್ಯಾಡ ಹೋಗಬ್ಯಾಡ್ರಿ ಅಂತ ಹೇಳಬೇಕಂತ ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡು ಬಂದಿದ್ದೆ. ಯಾವ ಬಾಯಿಲೆ ಹೇಳ್ಲಿ? ಅವರ ಖುರ್ಚ್ಯಾಗ ಈಗ ಕೂಡೋನು ನಾನೇ.

ಆಮ್ಯಾಲ ಅವರು ಒಳಗಿನ ಬಾಗಲ ಕಡೆ ಒಮ್ಮೆ ನೋಡಿ, ಭಾಬಿಗಿ ಕೇಳಬಾರದಂತ ದನಿ ಸಣ್ಣದು ಮಾಡಿದ್ರು.

“ತಮ್ಮಾ, ಒಂದು ಕೇಳ್ಲಾ? ನಗಬಾರದು.”

“ಕೇಳ್ರಿ.”

“ಕುದಿಸದ್ದು. ಅದು ಹ್ಯಾಂಗ ಇರ್ತದ?”

ಕಾಲೇಜು ಬಿಟ್ಟಾಗಿನಿಂದ ಈ ಮನಶಾ ಅದೊಂದೇ ವಸ್ತುವಿನ ಬೆನ್ನ ಹತ್ತಿದ್ರು. ತೂಗಿದ್ರು, ಸೋಸಿದ್ರು, ಒಣಗಿಸಿದ್ರು. ಅದು ಇದ್ದಂಗ ಹ್ಯಾಂಗ ಅದ ಅಂತ ಅವರಿಗ ಗೊತ್ತಿರಲಿಲ್ಲ, ಇನ್ನು ಮುಂದ ಗೊತ್ತಾಗೋದೂ ಇರಲಿಲ್ಲ.

“ಕಹಿ ಕಮ್ಮಿ ಅದ್ರಿ ಭಾಯಿಸಾಬ್” ಅಂದೆ. “ನಾವು ತಿಳಕೊಂಡಿದ್ದಕ್ಕಿಂತ ಭಾಳ ಕಮ್ಮಿ. ಮೊದಲು ಏನೂ ತಿಳಿಯಂಗಿಲ್ಲ. ನುಂಗಿದ ಮ್ಯಾಲ ಹಿಂದಿನಿಂದ ಸಣ್ಣಗ ಬರ್ತದ, ಒಂದೀಟು ನಿಂದರ್ತದ, ಹೋಗ್ತದ.”

ಅವರು ಕಣ್ಣು ಮುಚ್ಚಿದ್ರು. ಬಾಯಾಗ ಏನೋ ಇದ್ದಂಗ ನಾಲಿಗಿ ಮೆಲ್ಲಗ ಆಡಿಸಿದ್ರು.

“ಕಮ್ಮಿ ಅದ?”

“ಹೌದ್ರಿ. ಕಮ್ಮಿ ಅದ.”

“ಮತ್ತೊಮ್ಮೆ ಹೇಳು” ಅಂದ್ರು.

ಭಾಬಿ ಒಳಗಿಂದ ಕರೆಯೋತನಕ ನಾ ಹೇಳಿಕೋತನೇ ಇದ್ದೆ.